ದುಃಖಕ್ಕೆ ಚೌಕಾಸಿ

ಶಿವಾಜಿನಗರದ ಗುಜರಿ ಬೀದಿಯಲ್ಲಿ ಹಳೆಯ ಸ್ಕೂಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ಅನೀಸ್ ಭಾಯಿ, ಎದುರಿನವರು ಹೇಳಿದ ಮೊದಲ ಮಾತನ್ನು ಮೂವತ್ತೈದು ವರ್ಷಗಳಲ್ಲಿ ಒಂದು ಸಲವೂ ಒಪ್ಪಿದವರಲ್ಲ. ಇದು ಜಿಪುಣತನವಲ್ಲ, ಆ ಬೀದಿಯ ಮರ್ಯಾದೆ. ಹೇಳಿದ ರೇಟಿಗೇ ತಲೆಯಾಡಿಸಿಬಿಟ್ಟರೆ ಮಾರಿದವನು ತಾನೇ ಕಡಿಮೆ ಹೇಳಿಬಿಟ್ಟೆನೇನೋ ಎಂದು ಇಡೀ ದಿನ ಕೊರಗುತ್ತಾನೆ. ತೊಂದರೆ ಏನೆಂದರೆ, ಅನೀಸ್ ಭಾಯಿ ಸಂಜೆ ಅಂಗಡಿಗೆ ಬೀಗ ಹಾಕುತ್ತಿದ್ದರೇ ಹೊರತು ಈ ಚಾಳಿಗೆ ಹಾಕುತ್ತಿರಲಿಲ್ಲ. ಡಾಕ್ಟರು ಐದು ದಿನದ ಮಾತ್ರೆ ಬರೆದರೆ ಮೂರಕ್ಕೆ ಇಳಿಸುತ್ತಿದ್ದರು. ಹೆಂಡತಿ ಖುರ್ಷೀದಾಗೆ ಜ್ವರ ನೂರೆರಡು ಬಂದಾಗ, "ನೂರೊಂದು ಅಂತ ಇಟ್ಕೋ" ಎಂದಿದ್ದರು.

ಮಗಳ ವಿಷಯದಲ್ಲೂ ಹಾಗೇ ಮಾಡಿದರು. ಅರೀಬಾಳನ್ನು ಕೆ.ಆರ್. ಪುರದ ಓವೈಸ್‌ಗೆ ಕೊಟ್ಟು ಎರಡು ವರ್ಷವಾಗಿತ್ತು. ಕಳೆದ ಚಳಿಗಾಲದಲ್ಲಿ ಒಂದು ದಿನ ಅಂಗಡಿಗೇ ಫೋನ್ ಮಾಡಿದಳು. ಆ ಮನೆಯ ಮಾತೆಲ್ಲ ದಖನಿ ಉರ್ದು. ಇಲ್ಲಿ ಕನ್ನಡದಲ್ಲೇ ಕೇಳಿ.

"ಅಬ್ಬಾ, ಇವ್ರು ನನ್ ಹತ್ರ ಮಾತಾಡಿ ಹತ್ತು ದಿನ ಆಯ್ತು. ತಟ್ಟೆ ಇಟ್ರೆ ಉಣ್ತಾರೆ, ಎದ್ದು ಹೋಗ್ತಾರೆ. ಇದು ಮೊದಲ್ನೇ ಸಲ ಅಲ್ಲ. ನಾನು ಮನೆಗೆ ಬಂದ್ಬಿಡ್ತೀನಿ."

"ಹತ್ತು ದಿನ ಎಲ್ಲಿ ಆಗಿರುತ್ತೆ, ಐದಾರು ಇರ್ಬೋದು. ಗಂಡಸ್ರಿಗೆ ಕೆಲ್ಸದ ತಲೆನೋವು ಇರುತ್ತಮ್ಮ. ಬಂದ್ಬಿಡೋದೆಲ್ಲ ಬೇಡ, ಹಬ್ಬಕ್ಕೆ ಬಾ, ನಾಲ್ಕು ದಿನ ಇದ್ಕೊಂಡು ಹೋಗು."

ಅತ್ತಲಿಂದ ಉತ್ತರ ಬರಲಿಲ್ಲ. ವ್ಯವಹಾರ ಕುದುರಿತು ಎಂದುಕೊಂಡು ಅನೀಸ್ ಭಾಯಿ ಇನ್ನೊಂದು ಚಹಾ ತರಿಸಿದರು.

ಮೂರು ತಿಂಗಳು ಕಳೆದ ಮೇಲೆ ಅರೀಬಾ ಒಂದು ಸೂಟ್‌ಕೇಸ್ ಹಿಡಿದು ಯಾರಿಗೂ ಹೇಳದೆ ಬಂದಳು. ಬಂದವಳು ತಾಯಿಯ ಹತ್ತಿರ ಅತ್ತಳು, ಮಾತಾಡಿದಳು, ಆಮೇಲಾಮೇಲೆ ನಕ್ಕಳು ಕೂಡ. ಅಪ್ಪ ಕೋಣೆಗೆ ಕಾಲಿಟ್ಟರೆ ಮಾತ್ರ ಬಾಯಿಗೆ ಹೊಲಿಗೆ. "ಹೇಗಿದ್ದೀಯಮ್ಮ?" ಅಂದರೆ "ಚೆನ್ನಾಗಿದ್ದೀನಿ ಅಬ್ಬಾ." ಹೆಂಡತಿಯನ್ನು ಕೇಳಿದರೆ, "ಅವ್ಳನ್ನೇ ಕೇಳಿ, ನಿಮ್ಗೆ ಹೇಳ್ಬೇಕು ಅನ್ಸಿದ್ರೆ ಹೇಳ್ತಾಳೆ" ಎಂಬ ಉತ್ತರ. ಹೆತ್ತ ಮಗಳು ಒಂದೇ ಸೂರಿನಡಿ ಇದ್ದು ತನ್ನ ಹತ್ತಿರ ಮಾತಾಡುತ್ತಿಲ್ಲ ಎಂಬುದನ್ನು ಅನೀಸ್ ಭಾಯಿಗೆ ಸಹಿಸಲಾಗಲಿಲ್ಲ. ಅನ್ನ ಸೇರುತ್ತಿರಲಿಲ್ಲ. ಅವರ ಲೋಕದಲ್ಲಿ ತೆರೆಯದ ಬೋಲ್ಟ್ ಎಂಬುದೇ ಇರಲಿಲ್ಲ, ಸರಿಯಾದ ಸ್ಪ್ಯಾನರ್ ಬೇಕಷ್ಟೆ. ಆ ಸ್ಪ್ಯಾನರ್ ಎಲ್ಲಿ ಸಿಗುತ್ತದೆ ಎಂಬುದೇ ತಿಳಿಯಲಿಲ್ಲ.

ದಾರಿ ತೋರಿಸಿದ್ದು ಸುಗತ. ಹಲಸೂರಿನವರು, ಮೇಲ್ ನರ್ಸ್ ಆಗಿ ನಿವೃತ್ತರು, ತಮ್ಮ ಮುದಿ ಸ್ಕೂಟರಿಗೆ ತಿಂಗಳಿಗೊಂದು ಬಿಡಿಭಾಗ ಹುಡುಕಿಕೊಂಡು ಬರುವ ಗಿರಾಕಿ. ಇಂದಿರಾನಗರದಲ್ಲಿ ಒಂದು ಬಳಗದವರು ಶನಿವಾರ ಶನಿವಾರ ಆಪ್ತಸಮಾಲೋಚನೆ ಕಲಿಸುತ್ತಾರೆ, ತಾನೂ ಸೇರಿದ್ದೇನೆ ಎಂದರು.

"ಜನ ಬಾಯಿ ಬಿಡೋ ಹಾಗೆ ಮಾಡ್ತಾರಾ?" ಅನೀಸ್ ಭಾಯಿ ಕೇಳಿದರು.

"ಕೇಳಿಸ್ಕೊಳ್ಳೋದು ಕಲಿಸ್ತಾರೆ" ಅಂದರು ಸುಗತ.

ಎರಡೂ ಒಂದೇ ಎಂದುಕೊಂಡು ಅನೀಸ್ ಭಾಯಿ ಮುಂದಿನ ಶನಿವಾರ ಅಂಗಡಿಯನ್ನು ಭಾವಮೈದುನ ಜಾಫರ್‌ಗೆ ಒಪ್ಪಿಸಿ ಹೊರಟರು. ಹಳೆಯ ಬಂಗಲೆಯೊಂದರ ಮಹಡಿ. ಕೆಳಗೆ ಹೋಟೆಲು, ಮೇಲೆ ವೃತ್ತಾಕಾರದಲ್ಲಿ ಹನ್ನೆರಡು ಕುರ್ಚಿ. ಕಲಿಸುವವಳು ಹೇಮಶ್ರೀ, ಅವರ ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಕೋರ್ಸು ಹತ್ತು ವಾರ ಎಂದಳು.

"ಹತ್ತು ಯಾಕೆ ಮೇಡಂ, ಆರ್ರಲ್ಲಿ ಮುಗ್ಸಿ. ನಾನು ಬೇಗ ಕಲೀತೀನಿ."

"ಹತ್ತು ಸರ್" ಎಂದು ಹೇಮಶ್ರೀ ನಕ್ಕಳು.

"ಸರಿ, ಎಂಟು."

ಹೇಮಶ್ರೀ ಮತ್ತೆ ನಕ್ಕು, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಹತ್ತು ಗೆರೆ ಎಳೆದಳು. ಈಕೆ ಗಟ್ಟಿ ವ್ಯಾಪಾರಿ ಎಂದು ಅನೀಸ್ ಭಾಯಿಗೆ ಅವಳ ಮೇಲೆ ಗೌರವ ಬಂತು.

ಈ ವಿದ್ಯೆಯಲ್ಲಿ ಬುದ್ಧಿ ಹೇಳುವಂತಿಲ್ಲ, ತೀರ್ಪು ಕೊಡುವಂತಿಲ್ಲ. ಎದುರಿನವರ ಬದುಕು ಎದುರಿನವರಿಗೇ ಚೆನ್ನಾಗಿ ಗೊತ್ತು ಎಂದು ನಂಬಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ತೆಗೆದುಕೊಳ್ಳಬೇಕು. ಅನೀಸ್ ಭಾಯಿ ಇದನ್ನೆಲ್ಲ ಪುಸ್ತಕದಲ್ಲಿ ನೀಟಾಗಿ ಬರೆದುಕೊಂಡರು. ಬುದ್ಧಿ ಹೇಳದಿರುವುದು ಅವರಿಗೆ ಕಷ್ಟವೇ ಆಗಲಿಲ್ಲ, ಅವರು ಯಾವತ್ತೂ ಬುದ್ಧಿ ಹೇಳುವ ಪೈಕಿ ಅಲ್ಲ. ನನಗಿದು ನೀರು ಕುಡಿದ ಹಾಗೆ ಅಂದುಕೊಂಡರು.

ಮೂರನೆಯ ವಾರ ಮೂವರು ಮೂವರ ಗುಂಪು ಮಾಡಿದರು. ಒಬ್ಬರು ತಮ್ಮ ನಿಜವಾದ ಕಷ್ಟ ಹೇಳಬೇಕು, ಇನ್ನೊಬ್ಬರು ಕೇಳಬೇಕು, ಮತ್ತೊಬ್ಬರು ಪಕ್ಕದಲ್ಲಿ ಕೂತು ಗಮನಿಸಿ ಬರೆಯಬೇಕು. ಹೇಳಲು ಸುಗತ, ಕೇಳಲು ಅನೀಸ್ ಭಾಯಿ, ಬರೆಯಲು ಮಾರತ್ತಹಳ್ಳಿಯ ಕಂಪನಿಯೊಂದರಿಂದ ಬರುತ್ತಿದ್ದ ಪ್ರಿಯಾ.

ಸುಗತ ಸ್ವಲ್ಪ ಹೊತ್ತು ಮೊಣಕಾಲು ಸವರಿಕೊಂಡರು. "ನನ್ ಹೆಂಡ್ತಿ ತೀರ್ಕೊಂಡು ಎರಡು ವರ್ಷ ಆಯ್ತು. ಸಂಜೆ ಆದ್ರೆ ಮನೆ ಒಳಗೆ ಹೋಗೋಕೆ ಆಗಲ್ಲ. ದಿನಾ ಕೆರೆ ಹತ್ರ ಬೆಂಚಲ್ಲಿ ಕೂತಿರ್ತೀನಿ, ವಾಚ್‌ಮನ್ ಬಂದು ಎಬ್ಬಿಸೋವರೆಗೂ."

"ದಿನಾನಾ?" ಅಂದರು ಅನೀಸ್ ಭಾಯಿ, ತುಂಬ ಅಕ್ಕರೆಯಿಂದ. "ವಾರಕ್ಕೆ ಮೂರು ಸಲ ಅನ್ನಿ."

"ಇಲ್ಲ ಭಾಯ್, ದಿನಾ."

"ಭಾನುವಾರ ನೆಂಟ್ರು ಬರ್ತಾರೆ, ಮಳೆ ಬರುತ್ತೆ. ಮೂರೂವರೆ?"

ಸುಗತ ಯೋಚಿಸಿದರು. ಎಷ್ಟೆಂದರೂ ಹದಿನೈದು ವರ್ಷದ ಗಿರಾಕಿ, ಈ ರಾಗ ಕೇಳಿದರೆ ಬಾಯಿ ತಾನಾಗಿ ಓಡುತ್ತದೆ. "ಐದು" ಅಂದರು.

"ನಿಮ್ದೂ ಬೇಡ, ನನ್ದೂ ಬೇಡ. ನಾಲ್ಕು."

"ಆಯ್ತು, ನಾಲ್ಕು."

ಇಬ್ಬರೂ ಕೈ ಕುಲುಕಿದರು. ಪ್ರಿಯಾ ಪೆನ್ನು ಹಿಡಿದವಳು ಬರೆಯುವುದೋ ಬಿಡುವುದೋ ತಿಳಿಯದೆ ಹೇಮಶ್ರೀಯನ್ನು ಕರೆದು, "ಮೇಡಂ, ಇವ್ರು ನಾಲ್ಕಕ್ಕೆ ಸೆಟಲ್ ಮಾಡ್ಕೊಂಡ್ರು" ಎಂದು ವರದಿ ಒಪ್ಪಿಸಿದಳು. ಹೇಮಶ್ರೀ ತಿರುಗಿ ಕಿಟಕಿಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಳು. ಭುಜ ಅಲುಗುತ್ತಿದ್ದವು. ಆಮೇಲೆ ಬಂದು, "ಸರ್, ಅವ್ರ ದುಃಖ ಎಷ್ಟು ಅಂತ ಹೇಳೋರು ಅವ್ರು. ನೀವು ಕಡ್ಮೆ ಮಾಡಿದ್ರೆ ಅದು ಕಡ್ಮೆ ಆಗಲ್ಲ" ಅಂದಳು. ಅನೀಸ್ ಭಾಯಿ ಅದನ್ನೂ ಬರೆದುಕೊಂಡರು. ಒಳಗೊಳಗೆ ಮಾತ್ರ, ಒಬ್ಬ ಮನುಷ್ಯನ ವಾರದಲ್ಲಿ ಮೂರು ಸಂಜೆ ಉಳಿಸಿಕೊಟ್ಟೆನಲ್ಲ ಎಂಬ ಖುಷಿ ಇತ್ತು.

ಮನೆಯಲ್ಲಿ ಅಭ್ಯಾಸ ಜೋರಾಗಿ ನಡೆಯಿತು. ಗ್ಯಾಸ್ ಮುಗಿಯಿತು ಎಂದು ಖುರ್ಷೀದಾ ಹೇಳಿದರೆ ಇವರು ಕುರ್ಚಿ ಎಳೆದುಕೊಂಡು ಮುಂದಕ್ಕೆ ಬಾಗಿ, "ಗ್ಯಾಸ್ ಮುಗ್ದಿದ್ದು ನಿನ್ಗೆ ಭಾರ ಅನ್ನಿಸ್ತಿದೆ" ಅಂದರು.

"ಮೊದ್ಲು ಸಿಲಿಂಡರ್ ಬುಕ್ ಮಾಡಿ. ಭಾರ ಆಮೇಲೆ ನೀವೇ ಎತ್ಕೊಂಡು ಬನ್ನಿ" ಎಂದು ಖುರ್ಷೀದಾ ಸೌಟು ತೋರಿಸಿದರು.

ಅಂಗಡಿಯಲ್ಲಿ ಗಿರಾಕಿಯೊಬ್ಬ ಕಾರ್ಬ್ಯುರೇಟರ್ ದುಬಾರಿ ಆಯಿತು ಎಂದ. "ನಿಮ್ಗೆ ದುಬಾರಿ ಅನ್ನಿಸ್ತಿದೆ" ಎಂದು ಅನೀಸ್ ಭಾಯಿ ಅವನ ಕಣ್ಣನ್ನೇ ನೋಡುತ್ತ ಸುಮ್ಮನಾದರು. ಗಿರಾಕಿ ಗಲಿಬಿಲಿಗೊಂಡು ಅಲ್ಲೇ ಟೈರಿನ ಮೇಲೆ ಕೂತು, ತಮ್ಮನ ಜೊತೆ ಜಾಗದ ಜಗಳವನ್ನು ಮುಕ್ಕಾಲು ಗಂಟೆ ಹೇಳಿ, ಹಗುರಾಗಿ, ಏನನ್ನೂ ಕೊಳ್ಳದೆ ಹೋದ. ಇನ್ನು ಶನಿವಾರ ಅಲ್ಲದ ದಿನವೂ ಅಂಗಡಿಗೆ ಬರಬೇಡಿ ಎಂದು ಜಾಫರ್ ಕೈ ಮುಗಿದ.

ಅರೀಬಾಳ ಬಾಗಿಲು ಮಾತ್ರ ಹಾಗೇ ಇತ್ತು. ಇವರು ಕಲಿತ ಹಾಗೆ ಬಾಗಿ ಕೂತು, ತಲೆಯಾಡಿಸುತ್ತ, "ನಿನ್ಗೆ ಏನೋ ಅನ್ನಿಸ್ತಿದೆ" ಅಂದರು. "ನನ್ಗೆ ನಿದ್ದೆ ಬರ್ತಿದೆ ಅಬ್ಬಾ" ಎಂದು ಅವಳು ಗೋಡೆಗೆ ತಿರುಗಿದಳು. ಆ ಹೊತ್ತಿಗೆ ಬೆಳಗ್ಗೆ ಹನ್ನೊಂದು ಗಂಟೆ.

ನಾಲ್ಕನೆಯ ಶನಿವಾರ ಕ್ಲಾಸು ಶುರುವಾಗುವ ಮೊದಲು ಸುಗತ ಅವರನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದರು.

"ಭಾಯ್, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಆವತ್ತು ನಾಲ್ಕಕ್ಕೆ ಒಪ್ಕೊಂಡೆ. ಮನೆಗೆ ಹೋದ್ಮೇಲೆ ಯಾಕೋ ತುಂಬ ಸಂಕಟ ಆಯ್ತು. ಏಳು ದಿನಾನೂ ಕೂರ್ತೀನಿ ಭಾಯ್. ಈ ವಾರಾನೂ ಏಳು ದಿನ ಕೂತೆ. ಆದ್ರೆ ಮಿಕ್ಕ ಮೂರು ದಿನ ಕೂತಾಗ ಯಾರ್ಗೂ ಹೇಳ್ಬಾರ್ದು ಅನ್ನಿಸ್ತಿತ್ತು, ಕದ್ದು ಕೂತ ಹಾಗೆ."

ಅನೀಸ್ ಭಾಯಿ ಬಾಯಿ ತೆರೆದರು. ಅಭ್ಯಾಸಬಲದಿಂದ "ಆರು" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದರು. ನುಂಗಿದ ಮೇಲೆ ಇದ್ದಕ್ಕಿದ್ದಂತೆ, ಚಳಿಗಾಲದ ಆ ಫೋನಿನ ಕೊನೆಯಲ್ಲಿ ಉತ್ತರ ಯಾಕೆ ಬರಲಿಲ್ಲ ಎಂದು ಅವರಿಗೆ ಅರ್ಥವಾಯಿತು. ಅವರು ಕಡಿಮೆ ಮಾಡಿದ್ದು ಎಲ್ಲಿಗೂ ಹೋಗಿರಲಿಲ್ಲ. ಹೇಳಬಾರದ್ದು ಎಂದಾಗಿ ಮಗಳ ಹತ್ತಿರವೇ ಉಳಿದಿತ್ತು. ಅವರಿಗೆ ತಮ್ಮ ಮೇಲೆಯೇ ನಾಚಿಕೆಯಾಯಿತು.

"ಏಳು" ಎಂದರು ಸುಗತರಿಗೆ. "ಏಳು ದಿನಾನೂ."

"ಹೂಂ" ಅಂದ ಸುಗತರ ಕಣ್ಣು ತುಂಬಿತ್ತು.

ಅಂದು ಕ್ಲಾಸು ಮುಗಿಸಿ ಅನೀಸ್ ಭಾಯಿ ನೇರ ಮನೆಗೆ ಬಂದರು. ಖುರ್ಷೀದಾ ನೆಂಟರ ಮನೆಗೆ ಹೋಗಿದ್ದರು. ಅರೀಬಾ ಮಹಡಿಯ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಇವರು ಮುಂದಕ್ಕೂ ಬಾಗಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ಪಕ್ಕದಲ್ಲಿ ಕೂತು ತಾವೂ ಒಂದು ಹಿಡಿ ಮೆಣಸಿನಕಾಯಿ ತೆಗೆದುಕೊಂಡರು. ಅರ್ಧ ಗಂಟೆ ಕೂತರು. ಆರು ಸಲ ಸೀನಿದರು.

ಏಳನೆಯ ಸೀನಿಗೆ ಅರೀಬಾ, ಇವರು ಹೋಗುವವರಲ್ಲ ಎಂದು ಗೊತ್ತಾಗಿ, ಬೀದಿಯ ಮರದ ಕಡೆ ನೋಡುತ್ತ ಹೇಳಿದಳು. "ನಾನು ವಾಪಸ್ ಹೋಗಲ್ಲ. ಯಾವತ್ತೂ ಹೋಗಲ್ಲ."

"ಸರಿ" ಎಂದರು ಅನೀಸ್ ಭಾಯಿ.

ಅವಳು ಕಾಯುತ್ತಿದ್ದಳು. ಆ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ "ಸರಿ" ಆದ ಮೇಲೆ ಏನು ಬರುತ್ತದೆ ಎಂದು ಗೊತ್ತಿತ್ತು. ಏನೂ ಬರಲಿಲ್ಲ.

"ಅವ್ರ ಮನೆಯವ್ರು ಬಂದ್ರೆ ನೀವು ಕೂರ್ಸಿ ಚಹಾ ಕೊಟ್ಟು ರಾಜಿ ಮಾತಾಡ್ಬಾರ್ದು."

"ಮಾತಾಡಲ್ಲ."

"ಯಾವ್ದಾದ್ರೂ ಸ್ಕೂಲಲ್ಲಿ ಕೆಲ್ಸಕ್ಕೆ ಸೇರ್ತೀನಿ. ಎಷ್ಟೇ ದೂರ ಆದ್ರೂ."

"ಸೇರ್ಕೋ."

ಅರೀಬಾ ಮೆಣಸಿನಕಾಯಿ ಕೆಳಗಿಟ್ಟು ಅಪ್ಪನ ಹಣೆ ಮುಟ್ಟಿ ನೋಡಿದಳು. "ಅಬ್ಬಾ, ಹುಷಾರಿಲ್ವಾ?"

"ಹುಷಾರಾಗೇ ಇದ್ದೀನಿ."

ಅವಳಿಗೆ ನಗು ಬಂತು, ನಗುತ್ತಲೇ ಅಳುವೂ ಬಂತು. ಮೆಣಸಿನ ಕೈಯಲ್ಲಿ ಕಣ್ಣು ಒರೆಸಿಕೊಂಡು ಮತ್ತಷ್ಟು ಅತ್ತಳು. ಅನೀಸ್ ಭಾಯಿ ಓಡಿ ನೀರು ತಂದು ಕೊಟ್ಟರು. ಮುಖ ತೊಳೆದುಕೊಂಡು ಅವಳು ಅಂದಳು, "ಯಾವತ್ತೂ ಅಂದಿದ್ದು ಜಾಸ್ತಿ ಆಯ್ತು. ನೀವು ಇಳಿಸ್ತೀರ ಅಂತ ಸೇರಿಸಿ ಹೇಳ್ದೆ. ಹೋಗ್ಬೇಕಾ ಬೇಡ್ವಾ ನನಗೇ ಗೊತ್ತಿಲ್ಲ ಅಬ್ಬಾ. ಈಗ ಆಗಲ್ಲ, ಅಷ್ಟೇ ಗೊತ್ತು."

ಅನೀಸ್ ಭಾಯಿಗೆ ಹೇಳಬೇಕಾದ್ದು ಬೆಟ್ಟದಷ್ಟಿತ್ತು. ಯಾವುದನ್ನೂ ಹೇಳಲಿಲ್ಲ. "ಈಗ ಆಗಲ್ಲ" ಎಂದಷ್ಟೇ ಅಂದರು.

ಅವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತು ಇಬ್ಬರೂ ಕೆಲಸ ಮಾಡಿದರು. ಆಮೇಲೆ ಅವರು, ಕೇಳದೇ ಇರಲಾರದೆ, ತಗ್ಗಿದ ದನಿಯಲ್ಲಿ ಕೇಳಿದರು. "ಆವತ್ತು ಫೋನಲ್ಲಿ ಹತ್ತು ದಿನ ಅಂದ್ಯಲ್ಲ. ಅದ್ರಲ್ಲೂ ಸೇರಿಸಿ ಹೇಳಿದ್ಯಾ?"

ಅರೀಬಾ ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಪಕ್ಕಕ್ಕಿಟ್ಟಳು. "ಹದಿನೇಳು ದಿನ ಆಗಿತ್ತು ಅಬ್ಬಾ" ಅಂದಳು. "ಅಷ್ಟೊಂದು ಅಂದ್ರೆ ನೀವು ನಂಬಲ್ಲ ಅಂತ ನಾನೇ ಇಳಿಸಿ ಹೇಳ್ದೆ."