ಸುದ್ದಿ ಹೇಳುವ ಕ್ರಮ

ಗೀತಾಂಜಲಿ ಕುರ್ಚಿಯನ್ನು ಎದುರಿಗೆ ಎಳೆದುಕೊಂಡು ಕೂತಾಗಲೇ ಡಾಕ್ಟರ್ ಗುರುಶಾಂತನಿಗೆ ಅಕ್ಕ ಸತ್ತಿದ್ದಾಳೆಂದು ತಿಳಿದುಹೋಯಿತು. ಸಾವಿನ ಸುದ್ದಿಯನ್ನು ನಿಂತು ಹೇಳಬೇಡಿ, ಅವರ ಕಣ್ಣಿನ ಎತ್ತರಕ್ಕೆ ಕೂತು ಹೇಳಿ ಎಂದು ತರಬೇತಿಯ ವೈದ್ಯರಿಗೆ ಕಲಿಸಿದವನು ಅವನೇ.

"ಸರ್, ಕಷ್ಟದ ವಿಷಯ ಹೇಳಬೇಕಾಗಿದೆ." ತಡೆದಳು. "ನಿಮ್ಮ ಅಕ್ಕ ಭರಮಮ್ಮ ಬೆಳಿಗ್ಗೆ ತೀರಿಕೊಂಡರು."

ತಡೆದದ್ದು ಸರಿಯಾಗಿತ್ತು. ಅವಳ ಕೈ ಅವನ ಕೈಯ ಮೇಲೆ ಬಂದದ್ದೂ ಸರಿಯಾಗಿತ್ತು. ತನಗೆ ಅಳು ಬರಲೆಂದು ಅವನು ಕಾದ. ಇವಳು ಚೆನ್ನಾಗಿ ಕಲಿತಿದ್ದಾಳೆ ಎಂಬ ವಿಚಾರವಷ್ಟೇ ಬಂತು.

"ಫೋನ್ ಮಾಡಿದಾಗಲೇ ಯಾಕೆ ಹೇಳಲಿಲ್ಲ?"

"ಫೋನಿನಲ್ಲಿ ಹೇಳಬಾರದು ಎಂದಿದ್ದಿರಿ. ಬೇಗ ಬನ್ನಿ ಅಂದೆನಲ್ಲ, ಸರ್."

ಆ ಫೋನ್ ಬಂದ ಮೇಲೂ ಹರಪನಹಳ್ಳಿಯಲ್ಲಿ ರೋಗಿಗಳೊಂದಿಗೆ ಕರುಣೆಯಿಂದ ನಡೆದುಕೊಳ್ಳುವ ಬಗ್ಗೆ ಭಾಷಣ ಮುಗಿಸಿ, ಹಾರ ಹಾಕಿಸಿಕೊಂಡು, ಊಟ ಮಾಡಿಯೇ ಅವನು ತನ್ನ ಆಸ್ಪತ್ರೆಯಿದ್ದ ಕೊಟ್ಟೂರಿನ ಬಸ್ಸು ಹತ್ತಿದ್ದ.

ವಾರ್ಡಿನಲ್ಲಿ ಅಕ್ಕ ನೆಟ್ಟಗೆ ಮಲಗಿದ್ದಳು. ತಲೆ ಬಾಚಿದ್ದರು. ಹಣೆಯಲ್ಲಿ ವಿಭೂತಿ.

"ಅವರ ಚೀಲದಲ್ಲಿತ್ತು. ನಾನೇ ಹಚ್ಚಿದೆ," ಎಂದಳು ಗೀತಾಂಜಲಿ.

ಬಾವ ಬೆನಕಪ್ಪ ತಂಬ್ರಹಳ್ಳಿಯಿಂದ ಅಕ್ಕನಿಗೆ ಬುತ್ತಿ ತಂದಿದ್ದ. ಗೇಟಿನಲ್ಲಿ ಸುದ್ದಿ ತಿಳಿದಿತ್ತು. ಬುತ್ತಿ ಇನ್ನೂ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟು, ಹೊದಿಕೆಯ ಅಡಿ ಕೈ ಹಾಕಿ ಹೆಂಡತಿಯ ಮೊಣಕಾಲು ಮುಟ್ಟಿ ನೋಡಿದ.

"ಕಾಲು ಕಟ್ಟಿಗಿ ಆಗ್ಯಾವಲ್ಲೋ ಗುರು. ಇನ್ನಾ ಕುಂದ್ರಿಸಿಲ್ಲೇನು?"

ಅವರಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಹೂಳುತ್ತಾರೆ. ಮೈ ಸೆಟೆಯುವ ಮೊದಲೇ ಕಾಲು ಮಡಚಿ ಕೂರಿಸಬೇಕು.

"ಮನೆಯವರು ಬರುವ ತನಕ ದೇಹವನ್ನು ಅಲುಗಿಸಬಾರದು ಎಂದಿದ್ದಿರಿ," ಎಂದಳು ಗೀತಾಂಜಲಿ. "ಇಲ್ಲಿನ ಪದ್ಧತಿಗಳನ್ನು ಗೌರವಿಸಿ ಎಂದೂ ಹೇಳಿದ್ದಿರಿ. ಯಾವ ಪದ್ಧತಿ ಅಂತ ಹೇಳಿರಲಿಲ್ಲ, ಸರ್."

ಅವಳ ದನಿಯಲ್ಲಿ ಆರೋಪವಿರಲಿಲ್ಲ. ಪ್ರತಿ ವರ್ಷ ಗುರುಶಾಂತ ಹಲಗೆಯ ಮೇಲೆ ಆ ಮಾತನ್ನು ಬರೆದಿದ್ದ. ತನ್ನ ಮನೆಯ ಪದ್ಧತಿಯನ್ನು ದೂರದ ಊರುಗಳಿಂದ ಕಲಿಯಲು ಬಂದ ಈ ಮಕ್ಕಳ ಮುಂದೆ ಹೇಳಲು ನಾಚಿಕೆಯಾಗಿತ್ತು.

"ನಾಳೆಗೆ ಮೈ ತಾನೇ ಸಡಿಲಾಗುತ್ತದೆ, ಬಾವ."

"ಈ ಬಿಸಲಾಗ ನಾಳಿತನ ಇಡಾಕ ಬರ್ತೈತೇನು? ಮಲಗಿಸಿ ಮಣ್ಣು ಮಾಡಂತೀಯೇನು ಅಕಿನ್ನ?" ಬೆನಕಪ್ಪ ಅವನ ಅಂಗಿಯನ್ನು ನೋಡಿದ. "ಹೆಗಲ ಮ್ಯಾಲ ಹೂವಿನ ಎಸಳು ಐತಿ ನೋಡು. ಹಾರ ದೊಡ್ಡದಿತ್ತೇನು?"

ಗುರುಶಾಂತ ಎಸಳನ್ನು ತೆಗೆದ. ಎಲ್ಲಿ ಹಾಕಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

"ಡಾಕ್ಟರ್ ಅದಿ. ನೀನಾ ಮಡಿಚು. ನನ್ನ ಕೈಲೆ ಆಗಂಗಿಲ್ಲ. ನೋವಾಗಬಾರದು ಅಕಿಗೆ."

"ನೋವಾಗುವುದಿಲ್ಲ."

"ಹ್ಞೂಂ. ನಿನಗ ಗೊತ್ತಿರ್ತೈತಿ ಬಿಡು."

ಗುರುಶಾಂತ ಮಂಚ ಹತ್ತಿ ಮೊಣಕಾಲಿನ ಕೆಳಗೆ ಒಂದು ಕೈ ಕೊಟ್ಟು, ಪಾದವನ್ನು ಹಿಡಿದು ಒತ್ತಿದ. ಕಾಲು ಮಡಚಿಕೊಳ್ಳಲಿಲ್ಲ, ದೇಹವೇ ಪಕ್ಕಕ್ಕೆ ಜರುಗಿತು. ಗೀತಾಂಜಲಿ ಭುಜ ಹಿಡಿದುಕೊಂಡಳು. ಉಳಿದ ತರಬೇತಿಯವರು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಎಲ್ಲರ ಮುಖದಲ್ಲೂ ಅವನು ಕಲಿಸಿದ ಅದೇ ಮೃದುತನ.

ಮೈಭಾರವನ್ನೆಲ್ಲ ಹಾಕಿದ. ಒಳಗೆ ಏನೋ ಲಟಕ್ಕೆಂದಿತು. ಬೆನಕಪ್ಪ ಗೋಡೆಯ ಕಡೆ ತಿರುಗಿದ.

ಮೊಣಕಾಲು ಅರ್ಧ ಬಾಗಿ ನಿಂತಿತು. ಅಕ್ಕ ಈಗ ಮಲಗಿದವಳೂ ಅಲ್ಲ, ಕೂತವಳೂ ಅಲ್ಲ. ಇನ್ನೂ ಒತ್ತಲು ಧೈರ್ಯವಿಲ್ಲದೆ, ಕೈ ಬಿಡಲೂ ಆಗದೆ, ಅವಳ ಪಾದವನ್ನು ಎದೆಗೆ ಒತ್ತಿಕೊಂಡು ಅವನು ಹಾಗೆಯೇ ಉಳಿದ. ಎಷ್ಟೋ ವರ್ಷಗಳ ಮೇಲೆ ಪ್ರಾರ್ಥನೆಗೆ ತುಟಿ ಅಲುಗಿತು.

ಶಿವನೇ, ಈ ಜೀವಕ್ಕೆ ಶಾಂತಿ ಕೊಡು. ಹೇಗೆ ಬಂದರೂ ನಿನ್ನ ಹತ್ತಿರ ಇವಳನ್ನು ಕೂರಿಸಿಕೋ.