ಹೊತ್ತು ಮುಳುಗಿದ ಮೇಲಿನ ಗುಳಿಗೆ

ಸ್ಪಿರಿಟಿನ ವಾಸನೆ, ಅದರ ಕೆಳಗೆ ನನ್ನದೇ ಕಾಲಿನ ಕೀವಿನ ವಾಸನೆ, ಎಷ್ಟು ತೊಳೆದರೂ ಹೋಗದ್ದು — ಗೋಕಾಕದ ಈ ದವಾಖಾನೆಯ ಕಿಟಕಿಯಲ್ಲಿ ಇನ್ನೂ ಮೂರರ ಬಿಸಿಲಿದೆ, ಡಾಕ್ಟರು ಮಗ ಗೊಮ್ಮಟೇಶನಿಗೆ ಎಕ್ಸ್‌ರೇ ತೋರಿಸುತ್ತಿದ್ದಾರೆ, ನನ್ನ ಎಲುಬು, ನನಗೆ ಮಾತ್ರ ತೋರಿಸುವುದಿಲ್ಲ. ಮೇಲ ಮಾಯ್ದಂಗ ಕಾಣತೈತ್ರಿ, ಒಳಗ ಎಲುಬಿನ್ಯಾಗ ಕೀವು ಹಂಗ ಐತಿ, ಅನ್ನುತ್ತಿದ್ದಾರೆ. ಘೋಡಗೇರಿಯ ಕಬ್ಬಿನ ಹೊಲದ ಕಾಲುವೆಯಲ್ಲಿ ಜಾರಿ ಮುರಿದ ಕಾಲು, ಒಳಗೆ ರಾಡು, ರಾಡಿಗೆ ಅಂಟಿ ಕೂತ ಕಣ್ಣಿಗೆ ಕಾಣದ ಹುಳುಗಳು — ಅವೂ ಜೀವವೇ ಅಂದುಕೊಂಡು ಒಮ್ಮೆ ನಕ್ಕಿದ್ದೆ, ಈಗ ನಗು ಬರುವುದಿಲ್ಲ. ಪುಣೆಯಲ್ಲಿ ಯಾರೋ ಹೊಸ ಜೆಲ್ ಮಾಡಿ ಪರೀಕ್ಷೆ ನಡೆಸಿದ್ದಾರಂತೆ, ಅಂಬಲಿಯ ಹಾಗೆ ಮೆತ್ತಗೆ, ಎಲುಬಿನೊಳಗೆ ತುಂಬಿದರೆ ಕೀವಿರುವ ಜಾಗವನ್ನು ತಾನೇ ಗುರುತು ಹಿಡಿದು ಅಲ್ಲೇ ಔಷಧ ಬಿಡುತ್ತದಂತೆ, ಹಗಲು ರಾತ್ರಿ, ಜಾಣ ವಸ್ತು, ಅದಕ್ಕೆ ಯಾವ ನಿಯಮವೂ ಇಲ್ಲ. ಆದರೆ ಅದರಲ್ಲಿರುವುದು ನನ್ನ ಗುಳಿಗೆಯ ಔಷಧವೇ, ಎರಡು ತಿಂಗಳು ದಿನಕ್ಕೆ ಮೂರು ನುಂಗಿದರೂ ಸಾಯದ ಹುಳು ಜೆಲ್‌ನಿಂದ ಸಾಯುವುದಿಲ್ಲ, ಮೊಣಕಾಲ ಕೆಳಗೆ ಕಾಲು ಕತ್ತರಿಸಿ ತೆಗೆಯುವುದೇ ಮೇಲು ಅನ್ನುತ್ತಾರೆ ಡಾಕ್ಟರು, ನಾಳೆ ಮುಂಜಾನೆ, ಇಲ್ಲಿ ಸಹಿ ಮಾಡ್ರಿ.

ಮೂರು. ನಾನು ನುಂಗಿದ್ದು ಎರಡು. ಹೊತ್ತು ಮುಳುಗಿದ ಮೇಲೆ ಹನಿ ನೀರೂ ಇಲ್ಲವೆಂದು ಜೈನ ಮುನಿ ಮಹಾರಾಜರ ಮುಂದೆ ಯಜಮಾನರೂ ನಾನೂ ಕೂಡಿ ಹಿಡಿದ ನಿಯಮ, ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಒಂದೇ ತಂಬಿಗೆಯಿಂದ ಕೊನೆಯ ನೀರು, ಏ ಇಂದೂ, ನೀ ಮೊದಲ ಕುಡಿ, ಇನ್ನೂ ಹೊತ್ತ ಐತಿ ಅನ್ನುತ್ತಿದ್ದರು — ಅವರು ಹೋಗಿ ಆರು ವರ್ಷ, ಮನೆ ತುಂಬ ಜನ, ಆದರೂ ನಾನು ಒಬ್ಬಳೇ, ನನ್ನ ಜೊತೆ ಉಳಿದದ್ದು ಆ ನಿಯಮವೊಂದೇ, ಅದನ್ನೂ ಗುಳಿಗೆಗೆ ಕೊಟ್ಟರೆ ನನಗೇನು ಉಳಿಯಿತು? ಸೊಸೆ ಮಯೂರಿ ರಾತ್ರಿಯ ಗುಳಿಗೆ ತಪ್ಪದೆ ತರುತ್ತಿದ್ದಳು, ನಾನು ದವಡೆಗೆ ಒತ್ತಿಟ್ಟುಕೊಂಡು, ತುಟಿಗೆ ಲೋಟ ತಾಗಿಸಿ, ಅವಳು ಅತ್ತ ತಿರುಗಿದೊಡನೆ ಸೆರಗಿಗೆ ಉಗುಳುತ್ತಿದ್ದೆ.

ಗೊಮ್ಮಟೇಶ ಪೆನ್ನು ತೆಗೆದ, ಮಯೂರಿ ಹೇಳುತ್ತಿದ್ದಾಳೆ ಒಂದ ಗುಳಿಗೀನೂ ತಪ್ಪಿಸಿಲ್ರಿ ಸಾಹೇಬ್ರ, ನಾನ ನಿಂತ ನುಂಗಿಸೀನಿ — ಕಾಲು ಬೇಕು, ನನಗೆ ನನ್ನ ಕಾಲು ಬೇಕು, ರಾತ್ರೀದು ನುಂಗಿಲ್ರಿ, ಒಂದ ದಿನಾನೂ ನುಂಗಿಲ್ಲ, ಉಗುಳೀನಿ — ನನ್ನದೇ ದನಿ, ಪೆನ್ನು ನಿಂತಿತು, ಡಾಕ್ಟರು ಕಾಗದ ಹಿಂದಕ್ಕೆ ಎಳೆದುಕೊಂಡು ಹಂಗಾರ ಔಷಧ ಸೋತಿಲ್ರಿ, ಪೂರಾ ಹೊಟ್ಟಿಗೆ ಹೋಗಿಲ್ಲ, ಜೆಲ್ ಹಾಕಿ ನೋಡೂಣ್ರಿ ಅನ್ನುತ್ತಿದ್ದಾರೆ, ಗೊಮ್ಮಟೇಶ ಏನೋ ಕೇಳುತ್ತಿದ್ದಾನೆ, ಕಿವಿಗೆ ಬೀಳುತ್ತಿಲ್ಲ, ಮಯೂರಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಾಳೆ, ಅರವತ್ತು ರಾತ್ರಿ ಗುಳಿಗೆ ಇಟ್ಟು ನನ್ನ ಮುಂದೆ ಚಾಚಿದ ಅಂಗೈ, ಖಾಲಿ, ಮತ್ತೆ ಆ ಅಂಗೈ, ಕಣ್ಣು ಮುಚ್ಚಿದರೂ ಅದೇ, ಆ ಅಂಗೈ