ಒಲೆಯ ಮುಂದೆ ಇಬ್ಬರೂ ಇದ್ದೆವು

"ಇನ್ನೊಂದು ಸೌಟು ಹಾಕಿ ಅಕ್ಕ. ಇವತ್ತು ಸೂಪಿಗೆ ಬೇರೇನೇ ರುಚಿ ಬಂದಿದೆ," ಎಂದು ಅಂಚೆಯಣ್ಣ ಮೂರನೆಯ ಸಲ ಬಟ್ಟಲು ಚಾಚಿದ. ನಿವೃತ್ತನಾಗಿ ಹತ್ತು ವರ್ಷವಾದರೂ ಊರಿಗೆ ಅವನು ಅಂಚೆಯಣ್ಣನೇ. ತನಗಿಂತ ಚಿಕ್ಕವಳನ್ನು ಅವನು ಅಕ್ಕ ಎನ್ನುವುದೂ ಹಾಗೇ ನಡೆದು ಬಂದಿತ್ತು. ಬೀಜದಂಗಡಿ ಇಟ್ಟಿದ್ದ ಅವಳು ಊರಿಗೆಲ್ಲ ಬೀಜದಕ್ಕ.

"ಕೈ ಬದಲಾಗಿದೆಯಲ್ಲ, ಅದಕ್ಕೇ ರುಚಿ," ಎಂದಳು ನರ್ಸಮ್ಮ. "ಕುಂಬಳಕಾಯಿ ಹೆಚ್ಚಿದ್ದು ನಮ್ಮ ಮಾಜಿ."

ಎಲ್ಲರೂ ನಕ್ಕರು. ಮಾಜಿಯೂ ನಕ್ಕ. ಮೂವತ್ತು ವರ್ಷ ಮಾಂಸದಂಗಡಿಯಲ್ಲಿ ಕತ್ತಿ ಹಿಡಿದವನು, ಎರಡು ವರ್ಷದ ಹಿಂದೆ ಕತ್ತಿಯನ್ನು ಕೆಳಗಿಟ್ಟು ತಿನ್ನುವುದನ್ನೂ ಬಿಟ್ಟಿದ್ದ. ಯಾಕೆಂದು ಕೇಳಿದರೆ "ಸಾಕಾಯ್ತು" ಎನ್ನುತ್ತಿದ್ದ, ಅಷ್ಟೆ. "ಮಾಜಿ ಮಂತ್ರಿ ಇರಬಹುದಂತೆ, ಮಾಜಿ ಕಟುಕ ಇರಬಾರದಾ?" ಎಂದು ಅಂಚೆಯಣ್ಣ ಇಟ್ಟ ಹೆಸರು ಅಂಟಿಕೊಂಡಿತ್ತು.

ಬೀಜದಂಗಡಿಯ ಹಿಂದಿನ ಕೋಣೆ ಅದು. ಪ್ರತಿ ತಿಂಗಳ ಎರಡನೆಯ ಭಾನುವಾರ ಮೂಟೆಗಳನ್ನು ಗೋಡೆಗೊತ್ತಿ ಎರಡು ಮೇಜು ಜೋಡಿಸಿದರೆ ಹದಿಮೂರು ಜನ ಮೊಣಕೈ ತಾಗಿಸಿಕೊಂಡು ಕೂರಬಹುದಿತ್ತು. ಊರಿನಲ್ಲಿ ಮಾಂಸ ತಿನ್ನದವರೂ ಅಷ್ಟೇ. ಮದುವೆಮನೆಗಳಲ್ಲಿ ಬ್ರೆಡ್ಡು, ಈರುಳ್ಳಿ ತಿಂದು, "ಏನು, ಮೇಯೋಕೆ ಬಂದ್ರಾ?" ಎಂಬ ಮಾತು ಕೇಳಿಸಿಕೊಂಡು ಎದ್ದು ಬರುತ್ತಿದ್ದವರನ್ನು ಒಬ್ಬೊಬ್ಬರಾಗಿ ಹುಡುಕಿ, ಬೀಜದಕ್ಕ ಆರು ವರ್ಷದಲ್ಲಿ ಈ ಬಳಗ ಕಟ್ಟಿದ್ದಳು. ನರ್ಸಮ್ಮನಂತೆ ಹಾಲನ್ನೂ ಮುಟ್ಟದ ವೀಗನ್ನರು ನಾಲ್ವರಿದ್ದರು. ಅವರಿಗಾಗಿ ಹಾಲು ಬೆಣ್ಣೆ ಸೋಕದಂತೆ ಅಡುಗೆಯಾಗುತ್ತಿತ್ತು. ಪೊಟ್ಟಣದ ಹಿಂಬದಿಯನ್ನು ಕೊನೆಯ ಸಾಲಿನವರೆಗೆ ಓದದೆ ಯಾರೂ ಏನನ್ನೂ ತರಕೂಡದು ಎಂಬುದು ಅವಳ ಕಟ್ಟಪ್ಪಣೆ. ಮಾಜಿ ಸೇರಲು ಬಂದಾಗ, "ಮೊದಲು ಬಂದು ಊಟ ಮಾಡ್ತಿರಿ. ಅಡುಗೆ ಮಾತು ಆಮೇಲೆ ನೋಡೋಣ," ಎಂದಿದ್ದಳು. ಆ ಆಮೇಲೆ ಬರಲು ಎಂಟು ತಿಂಗಳು ಹಿಡಿದಿತ್ತು. ಇವತ್ತೇ ಮೊದಲ ಸಲ ಅವನು ಅವಳ ಅಡುಗೆಮನೆಯೊಳಗೆ ಕಾಲಿಟ್ಟದ್ದು. ಕುಂಬಳಕಾಯಿಯನ್ನು ಅಳತೆ ಹಿಡಿದಂತೆ ಹೋಳು ಮಾಡಿ, ಹಲಗೆಯನ್ನು ತೊಳೆದು ಗೋಡೆಗೆ ಒರಗಿಸಿಟ್ಟಿದ್ದ.

ಬೀಜದಕ್ಕ ಅಂಚೆಯಣ್ಣನ ಬಟ್ಟಲು ತುಂಬಿ, ಪಾತ್ರೆಯನ್ನು ಒಳಗಿಡಲು ಹೋದಾಗ ಒಲೆಯ ಪಕ್ಕದಲ್ಲಿ ಸೂಪಿನ ಪುಡಿಯ ಖಾಲಿ ಪೊಟ್ಟಣ ಬಿದ್ದಿತ್ತು. ಅದೇ ಹಸಿರು, ಅದೇ ಎಲೆಯ ಚಿತ್ರ. ಬೆಳಿಗ್ಗೆ ಕನ್ನಡಕವನ್ನು ತಕ್ಕಡಿಯ ಹತ್ತಿರ ಮರೆತು ಬಂದಿದ್ದಳು. ವರ್ಷಗಟ್ಟಲೆ ತಂದ ಪೊಟ್ಟಣ, ಓದುವುದೇನಿದೆ ಎಂದು ಹರಿದು ಸುರಿದಿದ್ದಳು. ಈಗ ಕನ್ನಡಕ ಮೂಗಿನ ಮೇಲಿತ್ತು. ಉಪ್ಪು, ಒಣಗಿಸಿದ ಈರುಳ್ಳಿ, ಮೆಣಸು ಎಲ್ಲ ಆದ ಮೇಲೆ ಕೊನೆಯ ಸಾಲಿನಲ್ಲಿ, ಹಿಂದೆಂದೂ ಇರದಿದ್ದ ಕೋಳಿಯ ಕೊಬ್ಬು ಎಂದಿತ್ತು.

ಎರಡನೆಯ ಸಲ ಓದುತ್ತಿರುವಾಗಲೇ ತಟ್ಟೆ ಹೊತ್ತುಕೊಂಡು ಬಂದ ನರ್ಸಮ್ಮ ಅವಳ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಅಯ್ಯೋ ಅಕ್ಕ, ಇದನ್ನ ಈಗ ನೋಡ್ತಿದೀರಾ?"

"ಈಗಲೇ ನೋಡಿದ್ದು," ಎಂದಳು ಬೀಜದಕ್ಕ. ಅದು ನಿಜವೇ ಆಗಿತ್ತು.

ನರ್ಸಮ್ಮ ಪೊಟ್ಟಣವನ್ನು ತಂದು ಮೇಜಿನ ನಡುವೆ ಇಟ್ಟು, ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು. ಚಮಚಗಳು ನಿಂತವು. ಪೊಟ್ಟಣವನ್ನು ಯಾರೂ ನೋಡಲಿಲ್ಲ. ಎಲ್ಲರೂ ಮೇಜಿನ ತುದಿಗೆ, ಮಾಜಿಯ ಕಡೆಗೆ ನೋಡಿದರು.

"ಪುಡಿ ಹಾಕಿದ್ದು ಯಾರು?" ಎಂದಳು ನರ್ಸಮ್ಮ.

ಒಂದು ಮಾತಿನ ಕೆಲಸ. ನಾನು ಎಂದರೆ ಮುಗಿಯುತ್ತಿತ್ತು. ಬೀಜದಕ್ಕ ಬಾಯಿ ತೆರೆದಳು.

"ಒಲೆ ಮುಂದೆ ಇಬ್ಬರೂ ಇದ್ವಿ."

ಮಾತಿನಲ್ಲಿ ಸುಳ್ಳಿರಲಿಲ್ಲ. ಅಷ್ಟು ಸಲೀಸಾಗಿ ಅದು ಹೇಗೆ ನಾಲಗೆಗೆ ಬಂತೆಂದು ಅವಳಿಗೇ ತಿಳಿಯಲಿಲ್ಲ. ಮಾಜಿ ಒಂದೇ ಒಂದು ಸಲ ಅವಳತ್ತ ನೋಡಿ, ತಲೆ ತಗ್ಗಿಸಿದ.

"ನನ್ನದೇ ತಪ್ಪು," ಎಂದ. "ಹಸಿರು ಪೊಟ್ಟಣ ಅಂತ ನೋಡಲಿಲ್ಲ."

ಅಂಚೆಯಣ್ಣ ಬಟ್ಟಲನ್ನು ಮೆಲ್ಲಗೆ ಮುಂದಕ್ಕೆ ಸರಿಸಿದ. "ನಲವತ್ತು ವರ್ಷ ಆಗಿತ್ತು ಮುಟ್ಟಿ," ಎಂದ. ಎದ್ದವನು ಬಾಗಿಲ ಹತ್ತಿರ ನಿಂತು, ಯಾರ ಮುಖವನ್ನೂ ನೋಡದೆ, "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ," ಎಂದು ಹೊರಟುಹೋದ.

"ಬಳಗ ಅಂದ್ಮೇಲೆ ನಂಬಿಕೆ ಬೇಕು," ಎಂದಳು ನರ್ಸಮ್ಮ. "ಬರಬೇಡಿ ಅಂತ ನಾನು ಹೇಳಿದ್ರೆ ಚೆನ್ನಾಗಿರಲ್ಲ. ಅಕ್ಕನೇ ಹೇಳಲಿ."

ಬೀಜದಕ್ಕ ಚಮಚಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು.

"ಯಾರೂ ಹೇಳೋದು ಬೇಡ ಬಿಡಿ," ಎಂದ ಮಾಜಿ.

ಎಲ್ಲರೂ ಹೋದ ಮೇಲೂ ಅವನು ಉಳಿದ. ತೋಳು ಮಡಚಿಕೊಂಡು ಸೂಪಿನ ಪಾತ್ರೆಯನ್ನು ತೊಳೆಯುತ್ತಿದ್ದವನ ಹಿಂದೆ ಬೀಜದಕ್ಕ ಬಟ್ಟೆ ಹಿಡಿದು ನಿಂತಳು.

"ಯಾಕೆ ಒಪ್ಪಿಕೊಂಡ್ರಿ?"

ಅವನು ಪಾತ್ರೆಯ ತಳವನ್ನು ಉಜ್ಜುತ್ತಲೇ ಇದ್ದ. "ಮುಚ್ಚಳ ತೆಗೆದಾಗಲೇ ನನಗೆ ಗೊತ್ತಾಯ್ತಕ್ಕ. ಮೂವತ್ತು ವರ್ಷದ ಮೂಗು ಇದು."

"ಆಗಲೇ ಹೇಳಬಾರದಿತ್ತಾ?"

"ಹೇಳಿದ್ರೆ, ವಾಸನೆ ಸೂಪಲ್ಲಿಲ್ಲ, ಅವನ ಮೂಗಲ್ಲೇ ಇದೆ ಅಂತಿದ್ರು. ಒಳಗೆ ಸೇರಿಸಿದ ಮೊದಲ ದಿನವೇ ನಿಮ್ಮ ಅಡುಗೇಲಿ ಹುಳುಕು ತೆಗೆದ ಅಂತಲೂ ಆಗ್ತಿತ್ತು." ನೀರು ಚೆಲ್ಲಿದ. "ಆದ್ರೂ ಹೇಳಬೇಕಿತ್ತು. ಅಂಚೆಯಣ್ಣ ಮೂರು ಸಲ ಹಾಕಿಸಿಕೊಂಡ್ರು, ನಾನು ನೋಡ್ತಾ ಕೂತಿದ್ದೆ. ಅಷ್ಟರಮಟ್ಟಿಗೆ ತಪ್ಪು ನನ್ನದೂ ಹೌದು."

"ನೀವೂ ಕುಡಿದ್ರಲ್ಲ."

"ನೀವು ಬಡಿಸಿದ್ರಿ," ಎಂದ.

ಪಾತ್ರೆಯನ್ನು ಬೋರಲು ಹಾಕಿ, ಕೈ ಒರೆಸಿಕೊಂಡ. "ಒಂದು ಬಟ್ಟಲು ಅಂಚು ಒಡೆದಿದೆ. ಬೇರೆ ಇಟ್ಟಿದೀನಿ, ನೋಡ್ಕೊಳಿ, ಕೈ ಕುಯ್ದೀತು." ಪ್ರತಿ ಸಲ ಹೊಸ್ತಿಲಲ್ಲಿ "ಬರ್ತೀನಕ್ಕ" ಎನ್ನುತ್ತಿದ್ದವನು ಇವತ್ತು "ಹೋಗ್ತೀನಿ" ಎಂದ. ಆ ಮಾತು ಕಿವಿಗೆ ಹತ್ತುವಷ್ಟರಲ್ಲಿ ಅವನು ಬೀದಿಯ ತಿರುವು ದಾಟಿದ್ದ.

ಸ್ವಲ್ಪ ಹೊತ್ತು ಅವಳು ಮೂಟೆಯೊಂದರ ಮೇಲೆ ಕೂತಳು. ಆಮೇಲೆ ಅಂಗಡಿಯ ಬಾಗಿಲು ಎಳೆದುಕೊಂಡು ಹೊರಟಳು.

ಅಂಚೆಯಣ್ಣನ ಮನೆ ಮೂರು ಬೀದಿ ಆಚೆ. ನಡೆಯುತ್ತಲೇ ಮಾತು ಜೋಡಿಸಿದಳು. ಕನ್ನಡಕದಿಂದ ಶುರುಮಾಡಿದರೆ ನೆಪ ಹೇಳಿದಂತಾಗುತ್ತದೆ. ಪೊಟ್ಟಣದ ಬಣ್ಣದಿಂದ ಶುರುಮಾಡಿದರೆ ಇನ್ನೊಬ್ಬರ ಮೇಲೆ ಹಾಕಿದಂತಾಗುತ್ತದೆ. ಪುಡಿ ಹಾಕಿದ್ದು ತಾನೆಂದು ಹೇಗೋ ಹೇಳಿಬಿಡಬಹುದು. ಇಬ್ಬರೂ ಇದ್ವಿ ಎಂದದ್ದನ್ನು ಹೇಳಲು ಮಾತೇ ಸಿಗಲಿಲ್ಲ.

ಬಾಗಿಲು ತೆರೆದದ್ದು ಅಂಚೆಯಣ್ಣನ ಹೆಂಡತಿ. "ಬಾಮ್ಮ, ಒಳ್ಳೇ ಹೊತ್ತಿಗೆ ಬಂದೆ. ಬಂದಾಗಿಂದ ಬಚ್ಚಲಲ್ಲೇ ಇದಾರೆ, ಬಾಯಿ ಮುಕ್ಕಳಿಸ್ತಾ. ಏನಾಯ್ತು ಅಂದ್ರೆ ಹೇಳಲ್ಲ. ಅಂಥದ್ದೇನು ತಿಂದ್ರು ಅಲ್ಲಿ?"

"ಅವರು ಬರಲಿ. ಇಬ್ಬರ ಮುಂದೂ ಹೇಳ್ತೀನಿ."

"ಕೂತ್ಕೋ ಮತ್ತೆ," ಎಂದು ಆಕೆ ಬೆಂಚಿನ ಮೇಲಿದ್ದ ಒಗೆದ ಬಟ್ಟೆಗಳನ್ನು ಬದಿಗೆ ಸರಿಸಿದಳು.

ಬೀಜದಕ್ಕ ಬೆಂಚಿನ ಅಂಚಿಗೆ ಕೂತಳು. ಒಳಗೆ ನೀರಿನ ಸದ್ದು ನಿಂತಿತು. ಅವಳು ಎದ್ದಳು. ಮತ್ತೆ ನಲ್ಲಿ ತಿರುಗಿತು, ಮತ್ತೆ ಮುಕ್ಕಳಿಸಿ ಉಗುಳುವ ಸದ್ದು. ಅವಳು ಕೂರಲಿಲ್ಲ.